ವಿಯೆನ್ನಾದ ಬೈಸ್ಲ್‌ನಲ್ಲಿ ಊಟ: ಬಾಗಿಲಿನಿಂದ ಬಿಲ್ಲಿನವರೆಗೆ

ವಿಯೆನ್ನಾದ ಬೈಸ್ಲ್‌ನಲ್ಲಿ ಕೇಳದೆ ಏನೂ ಬರುವುದಿಲ್ಲ. ನಮ್ಮೂರ ಹೋಟೆಲಿನಲ್ಲಿ ಕೂತ ಕೂಡಲೇ ನೀರಿನ ಲೋಟ ಬರುತ್ತದೆ, ಕೈ ತೊಳೆದು ಬರುವಷ್ಟರಲ್ಲಿ ಬಿಲ್ಲು ಬಂದು ಕೂತಿರುತ್ತದೆ. ಅಲ್ಲಿ ಎರಡೂ ಇಲ್ಲ. ನೀರು ಬೇಕಾದರೆ ಕೇಳಬೇಕು. ಸೂಪಿನಲ್ಲಿ ಮಾಂಸದ ರಸ ಇದೆಯಾ ಅಂತ ಕೇಳಬೇಕು. ಬಿಲ್ಲನ್ನಂತೂ ಕೇಳಲೇಬೇಕು, ಇಲ್ಲದಿದ್ದರೆ ಅಂಗಡಿ ಮುಚ್ಚುವವರೆಗೂ ಕೂತಿರಬಹುದು. ಇದು ಗೊತ್ತಿಲ್ಲದೆ ಹೋದವರು "ನಮ್ಮನ್ನ ಯಾರೂ ತಿರುಗಿಯೂ ನೋಡಲಿಲ್ಲ" ಎಂದು ಬೇಜಾರು ಮಾಡಿಕೊಂಡು ಬರುತ್ತಾರೆ. ಆದರೆ ಅದು ಅಸಡ್ಡೆ ಅಲ್ಲ. ಆ ಮೇಜು ಅಷ್ಟು ಹೊತ್ತು ನಿಮ್ಮದು, ನಿಮ್ಮನ್ನು ಎಬ್ಬಿಸುವುದು ಅವರ ಪದ್ಧತಿಯಲ್ಲ.

ಬೈಸ್ಲ್ ಅಂದರೆ ವಿಯೆನ್ನಾದ ಬಡಾವಣೆಗಳಲ್ಲಿರುವ ಸಾದಾ ಊಟದ ಜಾಗ. ಗೋಡೆಗೆ ಎದೆಮಟ್ಟದವರೆಗೆ ಕಂದು ಮರದ ಹಲಗೆ. ಒಳಗೆ ಕಾಲಿಟ್ಟರೆ ಬಿಯರ್ ಹಿಡಿದುಕೊಡುವ ಕೌಂಟರ್. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇವತ್ತಿನ ಅಡುಗೆ. ನಗರದಿಂದ ಹೊರಗೆ ಹೋದರೆ ಇಂಥದ್ದಕ್ಕೇ ಗಾಸ್ಟ್‌ಹೌಸ್ ಅಥವಾ ವಿರ್ಟ್ಸ್‌ಹೌಸ್ ಎನ್ನುತ್ತಾರೆ. ಅಡುಗೆ ವಿಯೆನ್ನಾದಿಂದ ಆಳುತ್ತಿದ್ದ ಹಳೆಯ ಹಾಬ್ಸ್‌ಬರ್ಗ್ ಸಾಮ್ರಾಜ್ಯದ ಮಿಶ್ರಣ. ಗುಲಾಶ್ ಎಂಬ ಮಾಂಸದ ಗೊಜ್ಜು ಹಂಗೇರಿಯಿಂದ ಬಂತು. ಕ್ನೋಡೆಲ್ ಎಂಬ ಬೇಯಿಸಿದ ಉಂಡೆಗಳು, ಹಿಟ್ಟಿನ ಸಿಹಿಗಳು ಬೊಹೀಮಿಯಾದ, ಅಂದರೆ ಇಂದಿನ ಚೆಕ್ ದೇಶದ ಕಡೆಯ ಅಡುಗೆಯವರ ಜೊತೆ ಬಂದವು.

ವಿಶ್ವಸಂಸ್ಥೆಯ ಕಚೇರಿ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಎರಡೂ ವಿಯೆನ್ನಾದಲ್ಲಿವೆ. ಸಭೆಗೆ, ಕೆಲಸಕ್ಕೆ, ಓದಿಗೆ, ಪ್ಯಾಕೇಜ್ ಟೂರಿಗೆ ಅಂತ ನಮ್ಮವರೂ ಹೋಗುತ್ತಾರೆ. ಹೆಚ್ಚಿನವರು ಸ್ಟೀಫನ್ಸ್‌ಡೋಮ್ ಚರ್ಚಿನ ಸುತ್ತಮುತ್ತ ಪಿಜ್ಜಾ ತಿಂದು ವಾಪಸ್ ಬರುತ್ತಾರೆ. ಸಸ್ಯಾಹಾರಿಗಳಿಗೆ ಬೈಸ್ಲ್ ಕಷ್ಟ ಅನ್ನುವುದು ಅರ್ಧ ನಿಜ. ಉಳಿದ ಅರ್ಧಕ್ಕಾಗಿ ಈ ಮಾರ್ಗದರ್ಶಿ.

ಹೆಜ್ಜೆ 1: ಜಾಗ ಮತ್ತು ಹೊತ್ತು ನೋಡಿಕೊಳ್ಳಿ

ಊರ ನಡುವಿನ ಮೊದಲ ಡಿಸ್ಟ್ರಿಕ್ಟ್ ಬಿಟ್ಟು ಟ್ರಾಮ್‌ನಲ್ಲಿ ಸ್ವಲ್ಪ ಆಚೆ ಹೋಗಿ. ಏಳನೆಯ ಡಿಸ್ಟ್ರಿಕ್ಟ್ ನೋಯ್‌ಬೌ, ಎಂಟನೆಯದು ಯೋಸೆಫ್‌ಶ್ಟಾಟ್, ನಾಲ್ಕನೆಯದು ವೀಡನ್. ಇಲ್ಲೆಲ್ಲ ಗಲ್ಲಿಗೊಂದು ಬೈಸ್ಲ್ ಸಿಗುತ್ತದೆ. ಹೆಸರಿರುವ ಹಳೆಯದೇ ಬೇಕು ಅಂದರೆ ಮೂರನೆಯ ಡಿಸ್ಟ್ರಿಕ್ಟಿನಲ್ಲಿ, ಕೊನ್ಸರ್ಟ್‌ಹೌಸ್ ಸಂಗೀತ ಭವನದ ಹತ್ತಿರ ಗ್ಮೋವಾಕೆಲ್ಲರ್ ಇದೆ, 1858ರಿಂದ ನಡೆಯುತ್ತಿದೆ. ತಟ್ಟೆ ದಾಟಿ ಹೊರಗೆ ಚಾಚುವ ಶ್ನಿಟ್ಸೆಲ್‌ಗೆ (ಬ್ರೆಡ್ ಪುಡಿ ಹಚ್ಚಿ ಕರಿದ ತೆಳು ಮಾಂಸ) ಪ್ರಸಿದ್ಧವಾದ ಫಿಗ್ಲ್‌ಮ್ಯುಲ್ಲರ್ 1905ರದ್ದು, ಊರ ನಡುವೆಯೇ ಇದೆ. ಅಲ್ಲಿ ಪ್ರವಾಸಿಗರ ಸಾಲು ಉದ್ದ. ಫೋಟೋ ಬೇಕಾದವರು ನಿಲ್ಲಲಿ, ಊಟ ಬೇಕಾದವರು ಮುಂದೆ ನಡೆಯಲಿ ಅನ್ನುವುದು ನನ್ನ ಅಭಿಪ್ರಾಯ.

ಹೊತ್ತಿನ ವಿಷಯದಲ್ಲಿ ನಮ್ಮವರು ಎಡವುವುದು ಜಾಸ್ತಿ. ಬಾಗಿಲಿನ ಮೇಲೆ ಎರಡು ಸಮಯ ಬರೆದಿರುತ್ತದೆ. ಒಂದು ಅಂಗಡಿ ತೆರೆದಿರುವ ಸಮಯ, ಇನ್ನೊಂದು ಕ್ಯುಶೆ, ಅಂದರೆ ಅಡುಗೆಮನೆ ನಡೆಯುವ ಸಮಯ. ಎರಡನೆಯದೇ ಮುಖ್ಯ. ಅಂಗಡಿ ರಾತ್ರಿ ಹನ್ನೊಂದರವರೆಗೆ ಇದ್ದರೂ ಒಲೆ ಒಂಬತ್ತೂವರೆಗೇ ಆರಿರಬಹುದು. ಅಲ್ಲಿನವರು ಸಂಜೆ ಆರೂವರೆ, ಏಳಕ್ಕೆಲ್ಲ ಊಟಕ್ಕೆ ಕೂರುತ್ತಾರೆ. ಒಂಬತ್ತೂವರೆಗೆ ಹೊರಡುವ ಬೆಂಗಳೂರಿನ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ರೂಹೆಟಾಗ್ ಅಂತ ಬರೆದಿದ್ದರೆ ವಾರದ ರಜೆ. ಅದು ಹೆಚ್ಚಾಗಿ ಭಾನುವಾರ ಅಥವಾ ಸೋಮವಾರ ಇರುತ್ತದೆ. ಬೇಸಿಗೆಯಲ್ಲಿ ಕೆಲವರು ಎರಡು ಮೂರು ವಾರ ಪೂರ್ತಿ ಬಾಗಿಲು ಹಾಕಿ ತಾವೂ ರಜೆಗೆ ಹೋಗುತ್ತಾರೆ. ಆಗಸ್ಟ್‌ನಲ್ಲಿ ಹೋಗುವವರು ಮೊದಲೇ ಫೋನ್ ಮಾಡುವುದು ಒಳ್ಳೆಯದು. ಶುಕ್ರವಾರ, ಶನಿವಾರ ಸಂಜೆಗೂ ಅಷ್ಟೇ, ಜಾಗ ಕಾದಿರಿಸಿಕೊಳ್ಳಿ.

ಖರ್ಚು ಉಳಿಸಬೇಕಾದರೆ ವಾರದ ದಿನ ಮಧ್ಯಾಹ್ನ ಹೋಗಿ. ಮಿಟ್ಟಾಗ್ಸ್‌ಮೆನ್ಯು ಅಂತ ಇರುತ್ತದೆ. ಒಂದು ಸೂಪ್, ಒಂದು ಮುಖ್ಯ ಅಡುಗೆ, ಎರಡೂ ಸೇರಿ ಒಂದೇ ಬೆಲೆ. ಸಂಜೆ ಅದೇ ಮೇಜಿಗೆ ಕೊಡುವ ದುಡ್ಡಿಗಿಂತ ಬಹಳ ಕಡಿಮೆ. ಆಫೀಸಿನವರು, ಬೀದಿ ಕೆಲಸದವರು, ಪಿಂಚಣಿ ಅಜ್ಜಂದಿರು ಎಲ್ಲ ಒಟ್ಟಿಗೆ ಕೂತು ಉಣ್ಣುವ ಹೊತ್ತು ಅದು.

ಹೆಜ್ಜೆ 2: ಒಳಗೆ ಹೋಗಿ, ಕೂತುಕೊಳ್ಳಿ

ಬಾಗಿಲು ತೆರೆದ ಕೂಡಲೇ "ಗ್ರ್ಯೂಸ್ ಗಾಟ್" ಅನ್ನಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೂ ಅನ್ನಿ. ಸುಮ್ನೆ ಒಳಗೆ ಬಂದು ಕೂತರೆ ಅಲ್ಲಿ ಒರಟುತನ. ಆಮೇಲೆ ಬಡಿಸುವವರ ಕಣ್ಣಿಗೆ ಬಿದ್ದು, ಎಷ್ಟು ಜನ ಅಂತ ಬೆರಳಲ್ಲಿ ತೋರಿಸಿದರೂ ಸಾಕು.

ಮೇಜಿನ ಮೇಲೆ ರೆಸರ್ವೀರ್ಟ್ ಎಂಬ ಫಲಕ ಇದ್ದರೆ ಅದರಲ್ಲಿ ಗಂಟೆ ಬರೆದಿದೆಯಾ ನೋಡಿ. ಏಳೂವರೆಯಿಂದ ಅಂತ ಇದ್ದು ಈಗ ಆರು ಗಂಟೆಯಾದರೆ, ಕೇಳಿದರೆ ಅಲ್ಲಿಯವರೆಗೆ ಕೂರಲು ಬಿಡುವುದುಂಟು. ಕೌಂಟರ್ ಹತ್ತಿರದ ದೊಡ್ಡ ಮೇಜು ಶ್ಟಾಮ್‌ಟಿಶ್ ಆಗಿರಬಹುದು. ಅದು ದಿನಾ ಬರುವವರ ಮೇಜು. ಖಾಲಿ ಇದ್ದರೂ ಅದಕ್ಕೆ ಕೈ ಹಾಕಬೇಡಿ. ಜಾಗವೇ ಇಲ್ಲದಿದ್ದರೆ ಬೇರೆಯವರ ಮೇಜಿನ ಖಾಲಿ ಕುರ್ಚಿ ತೋರಿಸಿ "ಇಸ್ಟ್ ಹಿಯರ್ ನೋಖ್ ಫ್ರೈ?" ಎಂದು ಕೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.

ಪಕ್ಕದ ಮೇಜಿನ ಕೆಳಗೆ ನಾಯಿ ಮಲಗಿದ್ದರೆ ಗಾಬರಿ ಬೇಡ. ವಿಯೆನ್ನಾದ ನಾಯಿಗಳಿಗೆ ಬೈಸ್ಲ್ ಶಿಸ್ತು ನಮಗಿಂತ ಚೆನ್ನಾಗಿ ಗೊತ್ತು. ಒಳಗೆ ಸಿಗರೇಟು 2019ರ ನವೆಂಬರ್ 1ರಿಂದ ಪೂರ್ತಿ ಬಂದ್. ಆದರೆ ಫುಟ್‌ಪಾತಿನ ಮೇಲೆ ಮೇಜು ಹಾಕಿದ ಶಾನಿಗಾರ್ಟನ್‌ನಲ್ಲಿ ಸೇದಬಹುದು. ಹೊಗೆ ಆಗದವರು ಬಿಸಿಲಿನ ಆಸೆ ಬಿಟ್ಟು ಒಳಗೇ ಕೂರಿ.

ಬಡಿಸುವವರ ಮುಖ ಸ್ವಲ್ಪ ಗಂಟಿಕ್ಕಿರಬಹುದು. ಮಾತು ಚುಟುಕು, ಅದರಲ್ಲೊಂದು ಕೊಂಕು. ವಿಯೆನ್ನಾದವರು ಅದನ್ನೇ ತಮ್ಮ ಊರಿನ ಸೊಗಸು ಅಂದುಕೊಂಡಿದ್ದಾರೆ. ನಿಮ್ಮ ಮೇಲೆ ಸಿಟ್ಟಲ್ಲ.

ಹೆಜ್ಜೆ 3: ಕುಡಿಯಲು ಹೇಳಿ

ಮೆನು ಕೊಟ್ಟವರು ಮೊದಲು ಕೇಳುವುದು ಕುಡಿಯಲು ಏನು ಅಂತ. ಆಗಲೇ ಉತ್ತರ ಕೊಟ್ಟುಬಿಡಿ, ಊಟ ಆರಿಸಲು ಆಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ.

ವಿಯೆನ್ನಾದ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಊಟೆಗಳಿಂದ ಬರುತ್ತದೆ. ಮೊದಲ ಕೊಳವೆ ದಾರಿ 1873ರದ್ದು, ಎರಡನೆಯದು 1910ರದ್ದು. ಬಾಟಲಿ ನೀರಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಆದರೆ ಬರೀ ವಾಸರ್ ಎಂದರೆ ಗುಳ್ಳೆ ಬರುವ ಬಾಟಲಿ ನೀರು ತಂದಿಡಬಹುದು. "ಲೈಟುಂಗ್ಸ್‌ವಾಸರ್" ಎಂದರೆ ನಲ್ಲಿ ನೀರು. ಬೇರೇನೂ ಕುಡಿಯದೆ ನೀರನ್ನೇ ಕೇಳಿದರೆ ಕೆಲವು ಕಡೆ ಜಗ್ಗಿಗೆ ಚಿಕ್ಕ ಶುಲ್ಕ ಹಾಕುತ್ತಾರೆ. ಅದು ಮೋಸ ಅಲ್ಲ, ಮೆನುವಿನಲ್ಲಿ ಬರೆದಿರುತ್ತದೆ.

ಮದ್ಯ ಬೇಡದವರಿಗೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಸಾಫ್ಟ್ ಗೆಶ್ಪ್ರಿಟ್ಸ್ಟ್ ಒಳ್ಳೆಯದು. ಆಲ್ಮ್‌ಡುಡ್ಲರ್ ಎಂಬ ಗಿಡಮೂಲಿಕೆ ಸುವಾಸನೆಯ ಸೋಡಾ ಆಸ್ಟ್ರಿಯಾದ್ದೇ. ಮಕ್ಕಳಿಗೆ ಹಿಡಿಸುತ್ತದೆ. ಬಿಯರ್ ಕುಡಿಯುವವರು ಅಳತೆಯ ಹೆಸರಲ್ಲೇ ಕೇಳಿ: ಅರ್ಧ ಲೀಟರ್ ಕ್ರ್ಯೂಗರ್ಲ್, 0.3 ಲೀಟರ್ ಸೈಡ್ಲ್. ವೈನ್ ಲೀಟರಿನ ಎಂಟರಲ್ಲೊಂದು ಭಾಗ, ಅಂದರೆ ಆಖ್ಟರ್ಲ್ ಲೆಕ್ಕದಲ್ಲಿ ಸಿಗುತ್ತದೆ. ಗ್ರ್ಯೂನರ್ ವೆಲ್ಟ್‌ಲೀನರ್ ಅಲ್ಲಿನ ಬಿಳಿ ವೈನ್, ಕರಿದ ಪದಾರ್ಥಕ್ಕೆ ಚೆನ್ನಾಗಿ ಹೊಂದುತ್ತದೆ.

ಬ್ರೆಡ್ ಬುಟ್ಟಿ ತಾನಾಗಿ ಬಂದರೆ ಅದೊಂದೇ ಅಪವಾದ. ಅದಕ್ಕೂ ಲೆಕ್ಕ ಉಂಟು. ಎಷ್ಟು ತಿಂದಿರೋ ಅಷ್ಟನ್ನು ಕೊನೆಗೆ ಎಣಿಸಿ ಬಿಲ್ಲಿಗೆ ಸೇರಿಸುತ್ತಾರೆ.

ಹೆಜ್ಜೆ 4: ಮೆನು ಓದಿ. ಇಲ್ಲಿ ಅವಸರ ಮಾಡಬೇಡಿ

ಮೊದಲು ಪ್ರಾಣಿಯ ಹೆಸರು ಗುರುತಿಸಿಕೊಳ್ಳಿ. ರಿಂಡ್ ಎಂದರೆ ದನದ ಮಾಂಸ. ಕಾಲ್ಬ್ ಎಂದರೆ ಕರು. ಶ್ವೈನ್ ಹಂದಿ. ಶಿಂಕನ್, ಶ್ಪೆಕ್, ಗ್ರಾಮ್ಮಲ್ನ್ ಮೂರೂ ಹಂದಿಯವೇ. ಹೆಂಡ್ಲ್ ಅಥವಾ ಹೂನ್ ಕೋಳಿ. ಪೂಟೆ ಟರ್ಕಿ ಕೋಳಿ. ಫಾಶೀರ್ಟೆಸ್ ಎಂದರೆ ಕೈಮಾ, ಹೆಚ್ಚಾಗಿ ಹಂದಿ ಮತ್ತು ದನ ಬೆರೆಸಿದ್ದು. ಬಾಯ್ಶೆಲ್ ಎಂಬ ಮುದ್ದಾದ ಹೆಸರಿನ ಗೊಜ್ಜು ಶ್ವಾಸಕೋಶ ಮತ್ತು ಹೃದಯದ್ದು. ಬ್ಲುನ್ಸನ್ ರಕ್ತದ ಸಾಸೇಜ್. ಗೊತ್ತಿದ್ದು ತಿನ್ನುವವರು ತಿನ್ನಲಿ.

ವೀನರ್ ಶ್ನಿಟ್ಸೆಲ್ ಅಂತ ಬರೀ ಹೆಸರಷ್ಟೇ ಇದ್ದರೆ ಅದು ಕರುವಿನ ಮಾಂಸವೇ ಆಗಿರಬೇಕು. ಆಸ್ಟ್ರಿಯಾದ ಆಹಾರ ನಿಯಮ ಹಾಗೆ. ಹಂದಿಯದ್ದಾದರೆ "ಫೊಮ್ ಶ್ವೈನ್" ಅಂತ ಸೇರಿಸಿ ಬರೆಯಬೇಕು. ಅದು ಅಗ್ಗ, ಬೈಸ್ಲ್‌ಗಳಲ್ಲಿ ಹೆಚ್ಚು ಖರ್ಚಾಗುವುದೂ ಅದೇ. ಎರಡನ್ನೂ ಮಾಡುವ ರೀತಿ ಒಂದೇ. ಮಾಂಸವನ್ನು ತೆಳ್ಳಗೆ ಬಡಿದು, ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ತೇಲುವಷ್ಟು ಜಿಡ್ಡಿನಲ್ಲಿ ಕರಿಯುತ್ತಾರೆ. ಹೊರಪದರ ಮಾಂಸಕ್ಕೆ ಅಂಟದೆ ಅಲೆ ಅಲೆಯಾಗಿ ಉಬ್ಬಿದ್ದರೆ ಅಡುಗೆಯವರ ಕೈ ಚೆನ್ನಾಗಿದೆ ಅಂತ ಅರ್ಥ. ಜೊತೆಗೆ ನಿಂಬೆ ಹೋಳು, ಆಲೂಗೆಡ್ಡೆ ಸಲಾಡ್. ಮೇಲೆ ಸಾಸ್ ಸುರಿಯುವ ಪದ್ಧತಿ ಇಲ್ಲ. ಕೆಚಪ್ ಕೇಳಿದರೆ ಕೊಟ್ಟಾರು, ಆದರೆ ಆ ನೋಟ ಎದುರಿಸಲು ತಯಾರಿರಬೇಕು.

ಟಾಫೆಲ್‌ಶ್ಪಿಟ್ಸ್ ದನದ ಮಾಂಸವನ್ನು ತರಕಾರಿ ಜೊತೆ ನಿಧಾನಕ್ಕೆ ಬೇಯಿಸಿದ್ದು. ಚಕ್ರವರ್ತಿ ಫ್ರಾನ್ಸ್ ಯೋಸೆಫ್‌ಗೆ ಬಲು ಇಷ್ಟವಾಗಿದ್ದ ಅಡುಗೆ. ಪಕ್ಕದಲ್ಲಿ ಸೇಬು ಮತ್ತು ಕ್ರೇನ್ ತುರಿದ ಚಟ್ನಿ ಕೊಡುತ್ತಾರೆ. ಕ್ರೇನ್ ಅನ್ನುವುದು ಸಾಸಿವೆಯ ಹಾಗೆ ಮೂಗಿಗೆ ಏರುವ ಖಾರದ ಬೇರು. ಆಸ್ಟ್ರಿಯಾದ ಊಟದಲ್ಲಿ ನಮ್ಮ ನಾಲಿಗೆಗೆ ಖಾರ ಅನ್ನಿಸುವ ಒಂದೇ ಪದಾರ್ಥ ಬಹುಶಃ ಇದೇ.

ದನ, ಹಂದಿ ಎರಡೂ ಬೇಡ, ಕೋಳಿ ಮೀನು ಆಗುತ್ತದೆ ಅನ್ನುವವರಿಗೆ ದಾರಿ ಸುಲಭ. ಬಾಕ್‌ಹೆಂಡ್ಲ್ ಎಂದರೆ ಬ್ರೆಡ್ ಪುಡಿ ಹಚ್ಚಿ ಕರಿದ ಕೋಳಿ. ಪಾಪ್ರಿಕಾಹೆಂಡ್ಲ್ ಕೆಂಪು ಪಾಪ್ರಿಕಾ ಪುಡಿ, ಕೆನೆ ಹಾಕಿದ ಕೋಳಿ ಗೊಜ್ಜು. ನೋಕರ್ಲ್ ಎಂಬ ಚಿಕ್ಕ ಹಿಟ್ಟಿನ ತುಣುಕುಗಳ ಜೊತೆ ಬರುತ್ತದೆ. ಫೊರೆಲ್ಲೆ, ಸೈಬ್ಲಿಂಗ್, ಜಾಂಡರ್ ಮೂರೂ ಸಿಹಿನೀರಿನ ಮೀನು.

ಇನ್ನು ಸಸ್ಯಾಹಾರಿಗಳು. ಇಲ್ಲಿ ಅಡುಗೆಯ ಹೆಸರು ನೋಡಿದರೆ ಸಾಲದು. ಅದಕ್ಕೆ ಹಾಕಿದ ರಸ ಯಾವುದು, ಕರಿದ ಜಿಡ್ಡು ಯಾವುದು ಅನ್ನುವುದೇ ಪ್ರಶ್ನೆ.

ತಿಳಿ ಸೂಪುಗಳಿಂದ ಶುರು ಮಾಡೋಣ. ಫ್ರಿಟಾಟನ್‌ಸುಪ್ಪೆಯಲ್ಲಿ ತೇಲುವುದು ಉದ್ದುದ್ದ ಸೀಳಿದ ತೆಳು ಪ್ಯಾನ್‌ಕೇಕ್. ಗ್ರೀಸ್‌ನೋಕರ್ಲ್‌ಸುಪ್ಪೆಯಲ್ಲಿ ರವೆ ಉಂಡೆ. ಓದಿದರೆ ಎರಡೂ ಪಕ್ಕಾ ಸಸ್ಯಾಹಾರ, ಅಲ್ವಾ? ಆದರೆ ಕೆಳಗಿನ ತಿಳಿ ದನದ ಮೂಳೆ ಮಾಂಸ ಕುದಿಸಿ ತೆಗೆದ ರಸ. ಆಲೂಗೆಡ್ಡೆ ಸಲಾಡ್ ಇನ್ನೂ ದೊಡ್ಡ ಬಲೆ. ವಿಯೆನ್ನಾದ ಶೈಲಿಯಲ್ಲಿ ಅದಕ್ಕೆ ಮಯೊನೀಸ್ ಇಲ್ಲ. ವಿನೆಗರ್, ಎಣ್ಣೆ, ಈರುಳ್ಳಿ, ಮತ್ತೆ ಅದೇ ದನದ ಸೂಪನ್ನು ಬಿಸಿಬಿಸಿ ಸುರಿದು ಕಲಸುತ್ತಾರೆ. ಮಿಶ್ರ ಸಲಾಡ್ ಅಂತ ಹೇಳಿದರೆ ಸೊಪ್ಪಿನ ಅಡಿಯಲ್ಲಿ ಈ ಆಲೂಗೆಡ್ಡೆಯೇ ಒಂದು ಸೌಟು ಕೂತಿರುತ್ತದೆ. ಸೌವರ್‌ಕ್ರೌಟ್ ಎಂಬ ಹುಳಿ ಹಿಡಿಸಿದ ಕೋಸು, ಕೆಂಪು ಕೋಸಿನ ಪಲ್ಯ, ಬೇಳೆ ಗೊಜ್ಜು ಇವುಗಳಲ್ಲಿ ಹಂದಿಯ ಚೂರು ಅಥವಾ ಕೊಬ್ಬು ಇರುವುದು ಮಾಮೂಲು.

ಕರಿಯುವ ಜಿಡ್ಡಿಗೆ ಬಂದರೆ ಮೂರು ಸಾಧ್ಯತೆ. ಬುಟ್ಟರ್‌ಶ್ಮಾಲ್ಟ್ಸ್ ಎಂದರೆ ತುಪ್ಪ. ಶ್ವೈನೆಶ್ಮಾಲ್ಟ್ಸ್ ಎಂದರೆ ಹಂದಿ ಕೊಬ್ಬು. ಇನ್ನೊಂದು ಸಾದಾ ಅಡುಗೆ ಎಣ್ಣೆ. ಬರೀ ಶ್ಮಾಲ್ಟ್ಸ್ ಅಂದರೆ ಹಂದಿಯದ್ದೇ ಅಂದುಕೊಳ್ಳಿ. ಕರಿದ ಎಮ್ಮೆಂಟಾಲರ್ ಚೀಸ್, ಕರಿದ ಅಣಬೆ ಎರಡೂ ಮೆನುವಿನ ಸಸ್ಯಾಹಾರ ಸಾಲಿನಲ್ಲೇ ಇರುತ್ತವೆ. ಆದರೆ ಶ್ನಿಟ್ಸೆಲ್ ಕರಿದ ಬಾಣಲೆಯಲ್ಲೇ ಇವನ್ನೂ ಕರಿದಿರಬಹುದು. ಇದನ್ನು ಒಪ್ಪದವರು ಕರಿದದ್ದರ ಕಡೆ ಹೋಗದಿರುವುದೇ ಕ್ಷೇಮ.

ಹಾಗಾದರೆ ತಿನ್ನುವುದೇನು? ಮೊಟ್ಟೆ ಆಗುವುದಾದರೆ ಬೇಕಾದಷ್ಟಿದೆ. ಕೇಸೆಶ್ಪೆಟ್ಸ್ಲೆ ಪಶ್ಚಿಮದ ಫೋರಾರ್ಲ್‌ಬೆರ್ಗ್ ಮತ್ತು ಟಿರೋಲ್ ಕಡೆಯದ್ದು. ಹಿಟ್ಟಿನ ತುಣುಕುಗಳಿಗೆ ಘಾಟು ಚೀಸ್ ಕರಗಿಸಿ, ಮೇಲೆ ಹುರಿದ ಈರುಳ್ಳಿ. ಐಯರ್‌ನೋಕರ್ಲ್ ಅಪ್ಪಟ ಬೈಸ್ಲ್ ಊಟ. ನೋಕರ್ಲ್‌ಗೆ ಮೊಟ್ಟೆ ಒಡೆದು ಹುರಿದು, ಪಕ್ಕದಲ್ಲಿ ಹಸಿರು ಸಲಾಡ್. ಕೇರ್ನ್‌ಟನ್ ಪ್ರಾಂತದ ಕಾಸ್‌ನೂಡೆಲ್ನ್ ಎಂಬುದು ತಾಜಾ ಚೀಸ್, ಆಲೂಗೆಡ್ಡೆ, ಪುದೀನ ತುಂಬಿದ ಕಡುಬು. ಪುದೀನ ಇರುವುದರಿಂದ ನಮಗೆ ಬೇಗ ಹಿಡಿಸುತ್ತದೆ. ನನ್ನ ಮತ ಇದಕ್ಕೇ.

ಋತುವಿನ ಪಟ್ಟಿ ಸಸ್ಯಾಹಾರಿಗಳ ನಿಜವಾದ ಸ್ನೇಹಿತ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಮಾರ್ಖ್‌ಫೆಲ್ಡ್ ಬಯಲಿನ ಬಿಳಿ ಶ್ಪಾರ್ಗೆಲ್, ಅಂದರೆ ಶತಾವರಿ ಜಾತಿಯ ಚಿಗುರು. ಬೇಸಿಗೆಯಲ್ಲಿ ಐಯರ್‌ಶ್ವಾಮರ್ಲ್ ಎಂಬ ಹಳದಿ ಕಾಡಣಬೆ, ಅದನ್ನು ಕೆನೆಯಲ್ಲಿ ಬೇಯಿಸಿ ಬ್ರೆಡ್ಡಿನ ಕ್ನೋಡೆಲ್ ಜೊತೆ ಕೊಡುತ್ತಾರೆ. ಅದಕ್ಕೆ ಶ್ಪೆಕ್ ಹಾಕಿದ್ದೀರಾ ಅಂತ ಕೇಳುವುದು ಮರೆಯಬೇಡಿ. ಶರತ್ಕಾಲಕ್ಕೆ ಕುಂಬಳಕಾಯಿ ಸೂಪ್, ಮೇಲೆ ಶ್ಟೈಯರ್‌ಮಾರ್ಕ್ ಪ್ರಾಂತದ ಕಡು ಹಸಿರು ಕುಂಬಳ ಬೀಜದ ಎಣ್ಣೆ. ನವೆಂಬರಿನಲ್ಲಿ ಮಾತ್ರ ಎಲ್ಲೆಲ್ಲೂ ಹುರಿದ ಹೆಬ್ಬಾತು. ಸಂತ ಮಾರ್ಟಿನ್ ಹಬ್ಬದ ಕಾಲ ಅದು.

ಇನ್ನೊಂದು ಉಪಾಯ ಶುಕ್ರವಾರ. ಕ್ಯಾಥೊಲಿಕ್ ಪದ್ಧತಿಯಲ್ಲಿ ಅಂದು ಮಾಂಸ ಬಿಡುವ ರೂಢಿ ಇತ್ತು. ಅದರ ನೆರಳು ಮಧ್ಯಾಹ್ನದ ಮೆನುವಿನಲ್ಲಿ ಇನ್ನೂ ಇದೆ. ಅವತ್ತು ಮೀನು ಇರುತ್ತದೆ, ಇಲ್ಲವೇ ಸಿಹಿಯನ್ನೇ ಊಟವಾಗಿ ಕೊಡುತ್ತಾರೆ. ಏಪ್ರಿಕಾಟ್ ಇಟ್ಟ ಮರಿಲ್ಲನ್‌ಕ್ನೋಡೆಲ್ ಮೂರು ತಿಂದರೆ ಸಂಜೆಯವರೆಗೆ ಹಸಿವಿಲ್ಲ.

ಮೊಟ್ಟೆಯೂ ಬೇಡ ಅನ್ನುವವರಿಗೆ ಬೈಸ್ಲ್‌ನಲ್ಲಿ ಉಳಿಯುವುದು ಕಡಿಮೆ. ಬೇಯಿಸಿದ ಆಲೂಗೆಡ್ಡೆಗೆ ಬೆಣ್ಣೆ ಪಾರ್ಸ್ಲಿ ಹಾಕಿದ ಪೆಟರ್‌ಸಿಲ್‌ಎರ್ಡ್‌ಎಪ್ಫೆಲ್, ಹಸಿರು ಸಲಾಡ್, ಋತುವಿನ ತರಕಾರಿ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರು ಊಟ ಬೇರೆಡೆ ಮುಗಿಸಿ ಕಾಫಿಗೆ ಬರುವುದು ವಾಸಿ.

ಹೆಜ್ಜೆ 5: ಆ ಅಕ್ಷರಗಳ ಲೆಕ್ಕ

ಅಡುಗೆಯ ಹೆಸರಿನ ಪಕ್ಕ ಎ, ಸಿ, ಜಿ, ಎಲ್ ಅಂತ ಸಣ್ಣ ಅಕ್ಷರಗಳು ಇರುತ್ತವೆ. ಅವು ಅಲರ್ಜಿ ತರುವ ಪದಾರ್ಥಗಳ ಗುರುತು. 2014ರ ಕೊನೆಯಿಂದ ಐರೋಪ್ಯ ನಿಯಮದಂತೆ ಈ ವಿವರ ಕೊಡಲೇಬೇಕು. ಎ ಎಂದರೆ ಗೋಧಿ ಮುಂತಾದ ಗ್ಲುಟೆನ್ ಇರುವ ಧಾನ್ಯ. ಸಿ ಮೊಟ್ಟೆ. ಡಿ ಮೀನು. ಇ ಕಡಲೆಕಾಯಿ. ಜಿ ಹಾಲು. ಎಚ್ ಬಾದಾಮಿ, ಗೋಡಂಬಿ ಥರದ ಬೀಜಗಳು. ಎಲ್ ಸೆಲರಿ. ಎಮ್ ಸಾಸಿವೆ.

ಮೊಟ್ಟೆ ಇದೆಯೋ ಇಲ್ಲವೋ ನೋಡಲು ಸಿ ಬಹಳ ಉಪಯೋಗ. ಆದರೆ ಮಾಂಸಕ್ಕೆ ಯಾವ ಅಕ್ಷರವೂ ಇಲ್ಲ, ಏಕೆಂದರೆ ಅದು ಈ ಅಲರ್ಜಿ ಪಟ್ಟಿಯಲ್ಲೇ ಇಲ್ಲ. ಅಕ್ಷರ ನೋಡಿ ಇದು ಸಸ್ಯಾಹಾರ ಅಂತ ತೀರ್ಮಾನ ಮಾಡಬೇಡಿ. ಅದಕ್ಕೆ ಬಾಯಿಯೇ ಬೇಕು.

ಹೆಜ್ಜೆ 6: ಕೇಳಿ, ಆಮೇಲೆ ಆರ್ಡರ್ ಕೊಡಿ

ಮೆನು ಮುಚ್ಚಿ ಮೇಜಿನ ಮೇಲಿಡಿ. ಆರಿಸಿ ಆಯಿತು ಅನ್ನುವ ಸನ್ನೆ ಅದು. ತೆರೆದೇ ಇಟ್ಟುಕೊಂಡಿದ್ದರೆ ಇನ್ನೂ ಓದುತ್ತಿದ್ದೀರಿ ಅಂತ ಹತ್ತಿರ ಬರುವುದಿಲ್ಲ.

ಹೆಚ್ಚಿನವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತದೆ. ಆದರೂ ಈ ಮಾತುಗಳು ಜರ್ಮನ್‌ನಲ್ಲಿದ್ದರೆ ಕೆಲಸ ಸಲೀಸು. "ಇಶ್ ಎಸ್ಸೆ ಕೈನ್ ಫ್ಲೈಶ್ ಉಂಡ್ ಕೈನೆನ್ ಫಿಶ್": ನಾನು ಮಾಂಸ, ಮೀನು ತಿನ್ನುವುದಿಲ್ಲ. "ಇಸ್ಟ್ ದಾ ರಿಂಡ್‌ಸುಪ್ಪೆ ದ್ರಿನ್?": ಇದರಲ್ಲಿ ದನದ ಸೂಪ್ ಇದೆಯಾ? "ಓನೆ ಶ್ಪೆಕ್, ಬಿಟ್ಟೆ": ಶ್ಪೆಕ್ ಹಾಕಬೇಡಿ. ಬರೀ ವೆಗೆಟಾರಿಶ್ ಎಂದು ಕೇಳಿ ನಿಲ್ಲಿಸಬೇಡಿ. ಮಾಂಸದ ತುಂಡು ಕಾಣದಿದ್ದರೆ ಸಸ್ಯಾಹಾರ ಅಂದುಕೊಳ್ಳುವ ಹಳಬರು ಇನ್ನೂ ಇದ್ದಾರೆ. ಸೂಪ್, ಶ್ಪೆಕ್, ಶ್ಮಾಲ್ಟ್ಸ್ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ಮುಜುಗರ ಬೇಡ, ನೇರವಾಗಿ ಕೇಳಿದರೆ ನೇರ ಉತ್ತರ ಕೊಡುತ್ತಾರೆ.

ಪ್ರಮಾಣ ದೊಡ್ಡದು. ಮಕ್ಕಳಿದ್ದರೆ ರಾಯ್ಬರ್‌ಟೆಲ್ಲರ್ ಕೇಳಿ. ದೊಡ್ಡವರ ತಟ್ಟೆಯಿಂದ ಕದ್ದು ತಿನ್ನಲೆಂದು ಕೊಡುವ ಖಾಲಿ ತಟ್ಟೆ ಅದು. ದೊಡ್ಡವರೇ ಎಲ್ಲವನ್ನೂ ನಡುವೆ ಇಟ್ಟು ಹಂಚಿಕೊಂಡು ತಿನ್ನುವ ನಮ್ಮ ಪದ್ಧತಿ ಅಲ್ಲಿ ಕಡಿಮೆ. ಸಂಜೆಯ ಗಿರಾಕಿ ಸಮಯದಲ್ಲಿ ನಾಲ್ಕು ಜನಕ್ಕೆ ಒಂದು ಶ್ನಿಟ್ಸೆಲ್ ಹೇಳಿದರೆ ಮುಖ ಸಿಂಡರಿಸುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಇಬ್ಬರಿಗೆ ಒಂದು ಸೂಪ್, ಒಂದು ಸಿಹಿ ಹಂಚಿಕೊಳ್ಳುವುದು ನಡೆಯುತ್ತದೆ.

ಸಿಹಿಗೆ ಕೈಸರ್‌ಶ್ಮಾರ್ನ್ ಬೇಕು ಅಂತಿದ್ದರೆ ಬೇಗ ಹೇಳಿ. ಉಬ್ಬಿದ ದಪ್ಪ ಪ್ಯಾನ್‌ಕೇಕನ್ನು ಬಾಣಲೆಯಲ್ಲೇ ಹರಿದು, ಸಕ್ಕರೆ ಪುಡಿ ಉದುರಿಸಿ, ಬೇಯಿಸಿದ ಪ್ಲಮ್ ಜೊತೆ ಕೊಡುತ್ತಾರೆ. ಹೇಳಿದ ಮೇಲೆಯೇ ಮಾಡುವುದರಿಂದ ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ. ಇಬ್ಬರಿಗೆ ಒಂದು ಧಾರಾಳ ಸಾಕು. ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸಿರುವುದುಂಟು, ಬೇಡದವರು ಮೊದಲೇ ಹೇಳಿ. ಅವಸರವಿದ್ದರೆ ಏಪ್ರಿಕಾಟ್ ಜಾಮ್ ಸವರಿ ಸುತ್ತಿದ ಪಲಾಟ್‌ಶಿಂಕನ್ ಎಂಬ ತೆಳು ಪ್ಯಾನ್‌ಕೇಕ್ ಬೇಗ ಬರುತ್ತದೆ.

ಹೆಜ್ಜೆ 7: ಉಣ್ಣುವಾಗ

ಇಲ್ಲಿ ಹೇಳುವುದು ಸ್ವಲ್ಪವೇ. ಎಲ್ಲರ ತಟ್ಟೆ ಬಂದ ಮೇಲೆ "ಮಾಲ್ಟ್ಸೈಟ್" ಅಂದು ಶುರು ಮಾಡುತ್ತಾರೆ. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು. ಮುಗಿದ ಮೇಲೆ ಚಾಕು, ಫೋರ್ಕ್ ಎರಡನ್ನೂ ಒಂದೇ ದಿಕ್ಕಿಗೆ ಜೋಡಿಸಿಡಿ. ಉಳಿದರೆ "ಐನ್‌ಪಾಕನ್, ಬಿಟ್ಟೆ" ಎಂದು ಕೇಳಿ, ಕಟ್ಟಿ ಕೊಡುತ್ತಾರೆ. ಮರುದಿನ ತಣ್ಣನೆಯ ಶ್ನಿಟ್ಸೆಲನ್ನು ಬನ್ನಿನಲ್ಲಿಟ್ಟು ತಿನ್ನುವುದು ಅಲ್ಲಿನವರಿಗೂ ರೂಢಿ.

ಹೆಜ್ಜೆ 8: ದುಡ್ಡು ಕೊಡುವುದು

"ತ್ಸಾಲೆನ್, ಬಿಟ್ಟೆ" ಎನ್ನಿ. ದೂರವಿದ್ದರೆ ಕಣ್ಣು ಕೂಡಿಸಿ ಗಾಳಿಯಲ್ಲಿ ಬರೆಯುವ ಹಾಗೆ ಸನ್ನೆ ಮಾಡಿ. ಚಿಟಿಕೆ ಹೊಡೆದು ಕರೆಯಬೇಡಿ. "ತ್ಸುಸಾಮೆನ್" ಎಂದರೆ ಎಲ್ಲ ಸೇರಿಸಿ, "ಗೆಟ್ರೆಂಟ್" ಎಂದರೆ ಬೇರೆ ಬೇರೆ. ಬೇರೆ ಬೇರೆ ಕೊಡುವುದು ಅಲ್ಲಿ ಸಾಮಾನ್ಯ. ಯಾರು ಏನು ತಿಂದರು ಅಂತ ಒಬ್ಬೊಬ್ಬರನ್ನೇ ಕೇಳಿ ಮೇಜಿನ ಹತ್ತಿರವೇ ಲೆಕ್ಕ ಮಾಡುತ್ತಾರೆ.

ಟಿಪ್ಸ್ ಐದರಿಂದ ಹತ್ತು ಶೇಕಡಾ ಸಾಕು. ಅದನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋಗುವುದಲ್ಲ. ಬಿಲ್ಲು 27 ಯೂರೋ 40 ಸೆಂಟ್ ಆಯಿತು ಅನ್ನಿ. ದುಡ್ಡು ಅಥವಾ ಕಾರ್ಡ್ ಕೊಡುವಾಗಲೇ "ಡ್ರೈಸಿಶ್" ಎನ್ನಬೇಕು, ಅಂದರೆ ಮೂವತ್ತು ತೆಗೆದುಕೊಳ್ಳಿ ಅಂತ. ಕೊಟ್ಟ ನೋಟು ಸರಿಯಾಗಿದ್ದು ಚಿಲ್ಲರೆ ಬೇಡದಿದ್ದರೆ "ಶ್ಟಿಮ್ಟ್ ಸೋ". ಸುಮ್ಮನೆ ದೊಡ್ಡ ನೋಟು ಕೊಟ್ಟು "ಡಾಂಕೆ" (ಧನ್ಯವಾದ) ಎಂದರೆ ಚಿಲ್ಲರೆ ಇಟ್ಟುಕೊಳ್ಳಿ ಅಂತ ಅರ್ಥವಾಗುವ ಅಪಾಯ ಇದೆ. ವಾಪಸ್ ಬೇಕಿದ್ದರೆ ದುಡ್ಡು ಕೈಗೆ ಬಂದ ಮೇಲೆ ಡಾಂಕೆ ಹೇಳಿ. ಕಾರ್ಡ್ ತೆಗೆದುಕೊಳ್ಳದ ಹಳೆಯ ಬೈಸ್ಲ್‌ಗಳು ಇನ್ನೂ ಇವೆ. ಒಳಗೆ ಬರುವಾಗಲೇ ಬಾಗಿಲಿನ ಸ್ಟಿಕ್ಕರ್ ನೋಡಿ, ಇಲ್ಲವೇ ಜೇಬಿನಲ್ಲಿ ಐವತ್ತು ಯೂರೋ ನಗದು ಇಟ್ಟುಕೊಳ್ಳಿ.

ಹೊರಡುವಾಗ "ವೀಡರ್‌ಶೌನ್" ಎನ್ನಿ. ಅಡುಗೆ ಹಿಡಿಸಿದ್ದರೆ ಅಲ್ಲೇ ನಾಳಿದ್ದಿಗೆ ಮೇಜು ಹೇಳಿ ಬನ್ನಿ, ಶನಿವಾರ ಫೋನಿನಲ್ಲಿ ಪರದಾಡುವುದು ತಪ್ಪುತ್ತದೆ.